ಗಾಜಿಗೆ ಹೊರಟ ಪೈಪು

ಹಳೆಯ ಕಾರೊಂದನ್ನು ಮತ್ತೆ ರಸ್ತೆಗಿಳಿಸಲು ಹೊರಟ ದಸ್ತಗೀರ್ ಮೇಸ್ತ್ರಿ, ಮುಂದಿನ ಗಾಜು ತೊಳೆಯುವ ನೀರಿಗೆಂದು ಬಾನೆಟ್ಟಿನ ಅಡಿಯಲ್ಲಿ ಹೊಸ ರಬ್ಬರ್ ಪೈಪು ಹಾಕುತ್ತಿದ್ದ. ಆ ಗಾಜನ್ನು ಒಮ್ಮೆಯಾದರೂ ಮುಟ್ಟಬೇಕೆಂದು ಪೈಪಿನ ಜೀವ ಹಾತೊರೆಯುತ್ತಿತ್ತು.

“ನನ್ನ ಪಕ್ಕದಲ್ಲಿ ಒಂದು ಸುತ್ತು ಸಡಿಲವಾಗಿರು,” ಎಂದಿತು ಬಾನೆಟ್ಟಿನ ಹಳೆಯ ಕೀಲು.

“ಸುತ್ತು ಹಾಕಿದಷ್ಟೂ ಗಾಜು ದೂರವಾಗುತ್ತದೆ,” ಎಂದು ಪೈಪು ನೆಟ್ಟಗೆ ಬಿಗಿದುಕೊಂಡಿತು.

ಮೇಸ್ತ್ರಿ ಬಾನೆಟ್ಟನ್ನು ಇನ್ನಷ್ಟು ಮೇಲೆತ್ತಿದ್ದೇ ತಡ, ಅದಕ್ಕೆ ತುದಿ ಸಿಕ್ಕಿಸಿದ್ದ ಪೈಪು ಎಳೆತ ತಾಳದೆ ಕಿತ್ತು ಬಂತು. ಅದರೊಳಗಿನ ನೀರೆಲ್ಲ ಎಂಜಿನ್ನಿನ ಮೇಲೆ ಸುರಿಯಿತು. ಅವನು ಗೊಣಗುತ್ತಾ ಕೀಲಿನ ಬಳಿ ಒಂದು ಸುತ್ತು ಬಿಟ್ಟು ಮತ್ತೆ ಜೋಡಿಸಿದ.

ಈ ಸಲ ನೀರು ಗಾಜಿನ ಮೇಲೆ ಚಿಮ್ಮಿತು. ತೊಯ್ದ ಗಾಜು ಕೇಳಿತು: “ಅಂತೂ ಬಂದೆಯಾ?”

ಬಾನೆಟ್ಟಿನ ಕತ್ತಲೆಯಿಂದ ಪೈಪು ಹೇಳಿತು: “ಬಂದದ್ದು ನೀರು. ನಾನು ಬರಿಯ ದಾರಿ.”