ಎಲೆ ಮುಟ್ಟದ ಕೊಟ್ರ

ಮಂಡಕ್ಕಿ ಭಟ್ಟಿಯ ಹಾಲವ್ವನಿಗೆ ಒಬ್ಬನೇ ಮಗ, ಕೊಟ್ರ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಗುಲಗಂಜಿ ಹೆಚ್ಚಿಲ್ಲ, ಗುಲಗಂಜಿ ಕಡಿಮೆಯಿಲ್ಲ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಈ ಮಗ ಮತ್ತು ಆ ಭಟ್ಟಿ. ಅನ್ನ ಹಾಕುತ್ತಿದ್ದದ್ದು ಭಟ್ಟಿ.

ನಮ್ಮ ಪೇಟೆಯಲ್ಲಿ ದೀಪಾವಳಿಗೆ ಅಂಗಡಿಗೊಬ್ಬ ಗಂಡಸು ಇಸ್ಪೀಟಿನ ಮೂರೆಲೆ ಆಟಕ್ಕೆ ಕೂರಬೇಕು. ಕೂರದ ಅಂಗಡಿ ಮುಳುಗಿತೆಂದೇ ಲೆಕ್ಕ, ಮರುದಿನ ಯಾರೂ ಭತ್ತ ಕೊಡುವುದಿಲ್ಲ. ಹಾಲವ್ವ ಈ ಮಗನನ್ನೇ ಕಳಿಸಬೇಕಾಯಿತು.

ಮೊದಲ ದಿನ ಕಟ್ಟಿನ ಆಟ. ಒಂದು ಸುತ್ತಿಗೆ ಒಂದೇ ರೂಪಾಯಿ ಪಣ, ಮೇಲೆ ಏರಿಸುವಂತಿಲ್ಲ. ಕೊನೇತನಕ ಎಲೆ ಕೆಳಗಿಡಬೇಡ, ಕೂತು ನೋಡಿದರೆ ಹೋಗುವುದು ಒಂದು ರೂಪಾಯಿ ಎಂದಳು ಹಾಲವ್ವ. ಕೊಟ್ರ ಕೆಟ್ಟ ಎಲೆಗೂ ಕೂತ, ಒಳ್ಳೆ ಎಲೆಗೂ ಕೂತ. ಸಂಜೆಗೆ ಜೇಬು ಭಾರವಾಗಿತ್ತು.

ಎರಡನೇ ದಿನ ಬಿಚ್ಚು ಆಟ. ಎಷ್ಟು ಬೇಕಾದರೂ ಇಡಬಹುದು, ಏನು ಬೇಕಾದರೂ ಇಡಬಹುದು. ಕೊಟ್ರನ ಕೈಯಲ್ಲಿ ಎರಡು, ನಾಲ್ಕು, ಏಳು. ಬೇಳೆ ಮಿಲ್ಲಿನ ಮುರಿಗೆಪ್ಪ ಏರಿಸಿದ, ಕೊಟ್ರ ಕೂತ. ಮತ್ತೆ ಏರಿಸಿದ; ಮತ್ತೆ ಕೂತ. ನಿನ್ನೆಯ ಜೇಬು ಹೋಯಿತು, ಹಿಂದೆಯೇ ಇಪ್ಪತ್ತು ಚೀಲ ಭತ್ತ ಹೋಯಿತು.

ಹಾಲವ್ವ ಹಣೆ ಬಡಿದುಕೊಂಡಳು. ಕಟ್ಟಿನ ಆಟದಲ್ಲಿ ಕೂತರೆ ರೂಪಾಯಿ ಹೋಗುತ್ತದೆ, ಬಿಚ್ಚು ಆಟದಲ್ಲಿ ಕೂತರೆ ಮನೆ ಹೋಗುತ್ತದೆ. ದೊಡ್ಡ ಪಣ ಬಂತೋ, ಎಲೆ ಇಟ್ಟು ಎದ್ದುಬಿಡು ಎಂದಳು.

ಮೂರನೇ ದಿನ ಬೆಳಿಗ್ಗೆ ಅವನಿಗೆ ಮೂರು ರಾಜ ಬಂದವು. ಮುರಿಗೆಪ್ಪ ದೊಡ್ಡ ಪಣ ಇಟ್ಟ. ಕೊಟ್ರ ಮೂರು ರಾಜರನ್ನೂ ಕೆಳಗಿಟ್ಟು, ಎದ್ದು, ಸೀದಾ ಮನೆಗೆ ಬಂದ. ಮುರಿಗೆಪ್ಪನ ಕೈಯಲ್ಲಿ ಏನೂ ಇರಲಿಲ್ಲವಂತೆ.

"ನಿನಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು. ಹೋಗು, ಅಂಗಡಿ ಹೆಸರಿಗೆ ಸಂಜೆ ತನಕ ಕೂತು ಬಾ. ಎಲೆ ಮಾತ್ರ ಮುಟ್ಟಬ್ಯಾಡ," ಎಂದಳು ಹಾಲವ್ವ.

ಕೊಟ್ರ ಹೋಗಿ ಕೂತ. ಮುಂದೆ ಮೂರು ಎಲೆ ಬೋರಲು ಬಿದ್ದವು. ಅವನ ಕೈ ಎರಡೂ ಮೊಣಕಾಲ ಮೇಲೆ. ಎಲೆ ನೋಡದೆ ಆಡುವುದಕ್ಕೂ ನಮ್ಮಲ್ಲಿ ಅಡ್ಡಿಯಿಲ್ಲ.

"ಏನಪ್ಪಾ ಧೈರ್ಯಸ್ಥ, ಭಟ್ಟಿ ಇಡ್ತೀಯಾ?" ಎಂದ ಮುರಿಗೆಪ್ಪ.

ಭಟ್ಟಿಯ ವಿಚಾರ ಅವ್ವ ಏನೂ ಹೇಳಿರಲಿಲ್ಲ. ಕೊಟ್ರ ಹೂಂ ಅಂದ. ಮುರಿಗೆಪ್ಪ ಅದಕ್ಕೆದುರು ಪಣವಾಗಿ ತನ್ನ ಲಾರಿಯ ಕೀಲಿಯನ್ನು ಚಾಪೆಗೆ ಎಸೆದು ಎಲೆ ಬಿಚ್ಚಿದ: ಎರಡು ಹತ್ತು, ಒಂದು ಐದು.

"ನಿಂದು ತಿರುಗಿಸು."

"ಅವ್ವ ಮುಟ್ಟಬ್ಯಾಡ ಅಂದಾಳೆ."

ಅವರವರ ಎಲೆ ಅವರವರೇ ತಿರುಗಿಸಬೇಕು, ತಿರುಗಿಸದವನು ಸೋತ ಹಾಗೆ. ಅದು ಚಾಪೆಯ ಕಾಯಿದೆ. ಕೂತವರು ಬೈದರು, ರಮಿಸಿದರು, ಕೈ ಹಿಡಿದು ಎಳೆದರು. ಕೊಟ್ರ ಕೈ ಎತ್ತಲಿಲ್ಲ. ಭಟ್ಟಿ ಮುರಿಗೆಪ್ಪನದಾಯಿತು. ಆಟ ಮುಗಿದು ಚಾಪೆ ಕೊಡವಿದಾಗ ಅವನ ಎಲೆಗಳು ಮಗುಚಿ ಬಿದ್ದವು. ಮೂರೂ ಎಕ್ಕ.

ಮನೆಗೆ ಬಂದಾಗ ಹಾಲವ್ವ ನಾಳೆ ಉರಿ ಹಾಕಲೆಂದು ಭಟ್ಟಿಯ ಬೂದಿ ತೆಗೆಯುತ್ತಿದ್ದಳು.

"ಎಲೆ ಮುಟ್ಟಿದೇನೋ?"

"ಇಲ್ಲವ್ವಾ. ಎಲ್ರೂ ಮುಟ್ಟು ಮುಟ್ಟು ಅಂದ್ರು. ಮುಟ್ಲಿಲ್ಲ."

"ಅಂತೂ ಒಂದು ಮಾತು ನೆಟ್ಟಗೆ ಕೇಳಿದೆಯಲ್ಲ," ಎಂದು ಹಾಲವ್ವ ಅವನ ತಲೆ ಸವರಿ, ಬೂದಿ ತೆಗೆಯಲು ಮತ್ತೆ ಬಗ್ಗಿದಳು. ಬಾಗಿಲ ಮುಂದೆ ಮುರಿಗೆಪ್ಪನ ಲಾರಿ ಬಂದು ನಿಂತಿತು.