ದನಿ ಕೇಳಿ ರೋಗ ಅಳೆದ ವೈದ್ಯೆ

"ಗುರುಗಳೇ, ಕಣ್ಣೆದುರು ಇಲ್ಲದವರ ಸಂಕಟದಲ್ಲಿ ಯಾರದು ಹೆಚ್ಚು, ಯಾರದು ಕಡಿಮೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಮಹಾಮಾರಿ ಹಬ್ಬಿದ ಕಾಲ. ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಗಳಲ್ಲಿ ಮಲಗಿದ್ದವರ ಮಾತನ್ನು ಫೋನಿನಲ್ಲಿ ಕೇಳಿ, ಯಾರು ಆಸ್ಪತ್ರೆಗೆ ಬರಬೇಕು, ಯಾರು ಮನೆಯಲ್ಲೇ ಇರಬೇಕು ಎಂದು ಹೇಳುವ ಕೆಲಸ ಒಬ್ಬ ವೈದ್ಯೆಯ ಪಾಲಿಗೆ ಬಂತು. ನಾಡಿ ಹಿಡಿದು ನೋಡಿ ಕಲಿತವಳು ಅವಳು. ಈಗ ಸಿಕ್ಕಿದ್ದು ಬರೀ ದನಿ.

ಒಂದು ದಿನ ಒಂದೇ ಹಾಸಿಗೆ ಖಾಲಿಯಿತ್ತು. ಒಬ್ಬ ವ್ಯಾಪಾರಿ ಫೋನು ಮಾಡಿ, "ಸಾಯ್ತಾ ಇದ್ದೀನಿ ಡಾಕ್ಟರಮ್ಮ, ಈಗಲೇ ಗಾಡಿ ಕಳಿಸಿ" ಎಂದು ಗಟ್ಟಿಯಾಗಿ ಅತ್ತ. ಅವನ ಹಿಂದೆಯೇ ಒಬ್ಬ ನೇಕಾರ ಫೋನು ಮಾಡಿದ. "ಏನಿಲ್ಲ ತಾಯಿ... ಸ್ವಲ್ಪ... ಸುಸ್ತು" ಎಂದ. ಮಾತಿನ ನಡುವೆ ಅವನು ಉಸಿರಿಗಾಗಿ ನಿಲ್ಲುತ್ತಿದ್ದುದು ವೈದ್ಯೆಗೆ ಕೇಳಿಸಿತು. ಅವನನ್ನೇ ಕರೆಸಿದಳು. ನೇಕಾರ ಬದುಕಿದ. ವ್ಯಾಪಾರಿಯೂ ಮನೆಯಲ್ಲೇ ಚೇತರಿಸಿಕೊಂಡ. ಅಳುವವರಿಗೆ ಇನ್ನೂ ಉಸಿರಿದೆ, ತಡೆತಡೆದು ಮಾತಾಡುವವರನ್ನೇ ಮೊದಲು ಕರೆಸಬೇಕು ಎಂದು ವೈದ್ಯೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಕೆಲವು ದಿನಗಳ ಮೇಲೆ ಮತ್ತೆ ಹಾಗೆಯೇ ಆಯಿತು. ಒಬ್ಬ ಹೂವಾಡಗಿತ್ತಿ ಫೋನಿನಲ್ಲಿ ಗೋಳಾಡಿದಳು. ಒಬ್ಬ ಬಡಗಿ ತಡೆತಡೆದು ಮಾತಾಡಿದ. ವೈದ್ಯೆ ಹೂವಾಡಗಿತ್ತಿಗೆ, "ಹೆದರಬೇಡಮ್ಮ, ಮನೆಯಲ್ಲೇ ಇರು" ಎಂದು ಹೇಳಿ ಬಡಗಿಯನ್ನು ಕರೆಸಿದಳು. ಬಂದವನಿಗೆ ಅಂಥದ್ದೇನೂ ಆಗಿರಲಿಲ್ಲ. ಚಿಕ್ಕಂದಿನಿಂದಲೂ ಅವನ ಮಾತೇ ಹಾಗೆ. ಹೂವಾಡಗಿತ್ತಿ ಮರುದಿನ ತೀರಿಕೊಂಡಳು.

ವೈದ್ಯೆಗೆ ದಿಕ್ಕೇ ತೋಚಲಿಲ್ಲ. ಅಳುವ ದನಿಯನ್ನು ನಂಬುವುದೋ, ತಡೆತಡೆದು ಬರುವ ದನಿಯನ್ನೋ? ಮೊದಲ ಸಲ ತಾನು ಸರಿಯಾಗಿ ಕೇಳಿಸಿಕೊಂಡಿದ್ದಳೋ, ಇಲ್ಲ, ಅದೂ ಕತ್ತಲಲ್ಲಿ ಹೊಡೆದ ಕಲ್ಲೋ? ಫೋನು ಮತ್ತೆ ಬಡಿದುಕೊಂಡಿತು. ಆದರೂ ಎತ್ತಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಜಗುಣನಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು.

"ತಪ್ಪಿಲ್ಲದೆ ಆರಿಸುವ ದಾರಿ ಅವಳಿಗೆ ಕೊನೆಗಾದರೂ ಸಿಕ್ಕಿತೇ, ಗುರುಗಳೇ?" ಎಂದ.

"ಸಿಗಲಿಲ್ಲಪ್ಪ. ಆದರೆ ಮನೆಯಲ್ಲೇ ಇರಲು ತಾನು ಹೇಳಿದವರಿಗೆಲ್ಲ ಅಂದೇ ಸಂಜೆ ತಾನೇ ಮತ್ತೆ ಫೋನು ಮಾಡಿ ಹೇಗಿದ್ದೀರಿ ಎಂದು ಕೇಳತೊಡಗಿದಳು."