ಹನ್ನೊಂದು ಗಿಳಿಗಳ ಹರಕೆ

ಕಲಘಟಗಿ ಸೀಮೆಯ ಕಾಡಂಚಿನ ಪುಟ್ಟ ಮಠದಲ್ಲಿ ಪೂಜ್ಯ ಮೌನಪ್ಪಜ್ಜನವರು ವಾಸವಾಗಿದ್ದರು. ಅಂದು ಕಟ್ಟೆಯ ಮೇಲೆ ಕುಳಿತು ತಮ್ಮ ಹರಿದ ಕಂಬಳಿಗೆ ತೇಪೆ ಹಾಕುತ್ತಿದ್ದರು.

ಆಗ ಶಾಂತವೀರವ್ವ ಎಂಬ ಭಕ್ತೆ ದೊಡ್ಡ ಪಂಜರವೊಂದನ್ನು ಹೊತ್ತು ಬಂದರು. ಒಳಗೆ ಹನ್ನೊಂದು ಕಾಡುಗಿಳಿ ಮರಿಗಳು. ಬೆಳೆದರೆ ಗುಲಾಬಿ ಕೆಂಪು ತಲೆ ಮೂಡುವ ಜಾತಿ. ಆ ಬಣ್ಣವೇ ಅವುಗಳಿಗೆ ಮುಳುವು, ಪೇಟೆಯವರು ಬಿಡುವುದಿಲ್ಲ. ಮದುವೆಯಾಗಿ ಏಳು ವರ್ಷವಾದರೂ ಶಾಂತವೀರವ್ವನವರ ಮಗಳ ಮಡಿಲು ತುಂಬಿರಲಿಲ್ಲ. ಅಜ್ಜನವರೆದುರು ಹನ್ನೊಂದು ಗಿಳಿಗಳನ್ನು ಬಿಡುಗಡೆ ಮಾಡುವುದಾಗಿ ಆಕೆ ಹರಕೆ ಹೊತ್ತಿದ್ದರು. ಮಠದ ಸೇವಕನಾದ ನಾನೇ, "ಭಾಳ ಛಲೋ ಕೆಲಸ ಅವ್ವಾರ" ಎಂದು ಪಂಜರ ಇಳಿಸಿಕೊಂಡೆ. ಎಂಥ ಜಾಣ ನಾನು!

ಬಾಗಿಲು ತೆರೆದೆವು. ಒಂದೂ ಹಾರಲಿಲ್ಲ. ಮೂಲೆಗೆ ಒತ್ತಿಕೊಂಡು ಬಾಯಿ ಕಳೆದು ಚೀರತೊಡಗಿದವು.

"ದೇವರು ನನ್ನ ಹರಕಿ ಒಲ್ಲೆ ಅಂದನೇನ್ರಿ ಅಜ್ಜಾರ?" ಆಕೆ ಗಾಬರಿಯಾದರು.

ಅಜ್ಜನವರು ಸೂಜಿ ಕೆಳಗಿಟ್ಟರು. "ಎಲ್ಲಿಂದ ತಂದಿ ತಾಯಿ?"

"ಗಿಳಿ ಹಿಡಿಯೋ ಭರಮಪ್ಪಗ ಹೇಳಿ ತರಿಸೀನ್ರಿ. ಹರಕಿಗಂತನ ಗಿಡದ ಪೊಟರಿಗೆ ಕೈ ಹಾಕಿ ತಗದಾನ."

"ನೀ ಹರಕಿ ಹೊತ್ತ ದಿನ ಇವು ತಾಯಿ ರೆಕ್ಕಿ ಕೆಳಗ ಇದ್ವು" ಎಂದಷ್ಟೇ ನುಡಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಹರಕೆ ತಪ್ಪೇ? ಭಕ್ತಿಯೇ ತಪ್ಪೇ? ಬಿಡಿಸಿದ್ದು ಪುಣ್ಯವಾದರೆ ಆ ಪುಣ್ಯ ಎಲ್ಲಿ ಹೋಯಿತು? ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ. ಶಾಂತವೀರವ್ವನವರು ಮಾತ್ರ, "ಅಯ್ಯ ಶಿವನ, ಒಂದು ಕೂಸಿನ ಆಸೆಗೆ ಹನ್ನೊಂದು ಕೂಸು ಕಸಕೊಂಡೆನಲ್ಲೋ!" ಎಂದು ಕುಸಿದು ಕುಳಿತರು. "ಈಗ ನಾ ಏನ್ ಮಾಡ್ಲಿರಿ ಅಜ್ಜಾರ?"

"ಮೊದಲು ಉಣಸು."

ಆಕೆ ಊರಿಗೆ ಮರಳಲಿಲ್ಲ. ಒಂದೂವರೆ ತಿಂಗಳು ಮಠದಲ್ಲೇ ನಿಂತು, ನೆನೆಸಿದ ಕಡಲೆ ಅರೆದು ಬೆರಳಿನಿಂದ ತಿನ್ನಿಸಿದರು. ನಾಲ್ಕು ಮರಿಗಳು ಸತ್ತವು. ಒಂದೊಂದಕ್ಕೂ ಹೆತ್ತವರಂತೆ ಅತ್ತರು. ಏಳು ಹಾರಿಹೋದವು. ಮಗಳ ಮಡಿಲಿನ ಮಾತು ಕೇಳುವಿರಾದರೆ, ಅದು ಇನ್ನೂ ಶಿವನ ಚಿತ್ತದಲ್ಲೇ ಇದೆ.

ಗಿಳಿಗಳು ಹಾರಿಹೋದ ಮೇಲಿನ ಅಮಾವಾಸ್ಯೆಗೆ ಭರಮಪ್ಪ ಬರಿದಾದ ಪಂಜರ ಹಿಡಿದು ಮಠದ ಬಾಗಿಲಿಗೆ ಬಂದ. ಭಕ್ತರೆಲ್ಲ ನೆರೆದಿದ್ದರು. "ಯಾರ್ಯಾರಿಗೆ ಹರಕಿ ಐತ್ರಿ? ಅವ್ವಾರ, ನಿಮಗ ಈ ಸಲ ಎಷ್ಟು ತರ್ಲಿ?"

ಶಾಂತವೀರವ್ವ ಎದ್ದು ಬಾಗಿಲಿಗೆ ಅಡ್ಡ ನಿಂತರು. ಆತ ಕಕ್ಕಾಬಿಕ್ಕಿಯಾದ. "ಬಿಡಸಿದ್ರ ಪುಣ್ಯ ಅಲ್ರೀ?"

"ಒಂದೂ ತರಬ್ಯಾಡೋ ತಮ್ಮಾ," ಆಕೆ ಕೈಮುಗಿದರು. "ಗಿಡದಾಗ ಇದ್ದದ್ದು ಗಿಡದಾಗ ಇರ್ಲಿ. ಅದ ನನ್ನ ಹರಕಿ."